ಶಿವಕಾಂತಾಳ ಬೆನ್ನು, ಚಂದಮ್ಮನ ಮುಖ

ಮಗು ಊಟ ಮಾಡುವುದಿಲ್ಲ ಎಂಬ ದೂರು ಇಲ್ಲದ ಮನೆ ಯಾವುದಿದೆ ಹೇಳಿ! ಮರಾಠಿ ಸೀಮೆಯ ಭೋಸರಿಯ ನಮ್ಮ ಓಣಿಯಲ್ಲಂತೂ ಒಂದೂ ಇಲ್ಲ. ಕಲಬುರಗಿ, ಯಾದಗಿರಿ, ಬೀದರ ಕಡೆಯಿಂದ ಬಂದು ಇಲ್ಲಿ ಪತ್ರಾಸಿನ, ಅಂದರೆ ತಗಡಿನ ಮನೆಗಳಲ್ಲಿ ಸಾಲಾಗಿ ನೆಲೆಸಿದವರು ನಾವು. ಗಂಡಸರು ಕಾರ್ಖಾನೆಗೆ ಹೋಗುತ್ತಾರೆ. ಹೆಂಗಸರಲ್ಲಿ ಕೆಲವರು ಕಟ್ಟಡದ ಕೆಲಸಕ್ಕೆ, ಕೆಲವರು ಮನೆಗೆಲಸಕ್ಕೆ ಹೋಗುತ್ತಾರೆ. ಬಾಗಿಲಿಗೆ ಬಾಗಿಲು ಎದುರು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಇಷ್ಟು ಹತ್ತಿರ ಇದ್ದರೂ ಒಂದು ವಿಷಯದಲ್ಲಿ ಮಾತ್ರ ಯಾರೂ ಯಾರಿಗೂ ನಿಜ ಹೇಳುವುದಿಲ್ಲ.

ನಿಮ್ಮ ಕೂಸು ಇವತ್ತು ಏನು ಉಂಡಿತು ಎಂದು ಯಾವ ತಾಯಿಯನ್ನಾದರೂ ಕೇಳಿ ನೋಡಿ.

“ಏನ್ ಉಣ್ತಾನ್ರಿ, ಹಲ್ಲಿಗೂ ಹತ್ತಂಗಿಲ್ಲ. ಎರಡು ತುತ್ತು ಬಾಯಾಗ ಇಟ್ಕೊಂಡು ಉಗುಳ್ತಾನ.”

ಹೀಗೆ ಹೇಳುವವಳ ಮಗ ಆಗಷ್ಟೇ ಹಾಲಿನಲ್ಲಿ ರೊಟ್ಟಿ ಕಲಸಿಕೊಂಡು ಉಂಡು ಬಂದು ಪಕ್ಕದಲ್ಲೇ ತೇಗುತ್ತಿರುತ್ತಾನೆ. ಚೆನ್ನಾಗಿ ಉಣ್ಣುತ್ತಾನೆಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂಬ ಭಯ. ನಮ್ಮ ಅವ್ವಂದಿರು ಹೀಗೇ ಹೇಳಿದರು, ನಾವೂ ಹೀಗೇ ಹೇಳುತ್ತೇವೆ. ಈ ಸಣ್ಣ ಸುಳ್ಳಿನಿಂದ ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡಿದ್ದೆವು. ಆಗುತ್ತದೆ ಎಂಬುದು ಶಿವಕಾಂತಾಳ ಮನೆಯಲ್ಲಿ ಗೊತ್ತಾಯಿತು.

ಶಿವಕಾಂತಾ ಸೇಡಂ ಕಡೆಯವಳು. ಗಂಡ ದೇವಾನಂದ ಲೇಥ್ ಮಷಿನ್ನಿನ ಮೇಲೆ ಕೆಲಸ ಮಾಡುತ್ತಾನೆ. ಮಗ ದತ್ತು. ಎದುರು ಮನೆಯ ಚಂದಮ್ಮ ಅಫಜಲಪುರದವಳು, ಅವಳ ಮಗ ಮಾಂತು. ಹುಡುಗರಿಬ್ಬರೂ ಒಂದೇ ಮಳೆಗಾಲದಲ್ಲಿ ಹುಟ್ಟಿದವರು, ಇನ್ನೂ ಮೂರು ತುಂಬಿಲ್ಲ. ಮಾಂತು ದುಂಡಗೆ, ಕಂಡವರೆಲ್ಲ ಗಲ್ಲ ಹಿಂಡುವ ಹಾಗಿದ್ದಾನೆ. ದತ್ತು ಅಪ್ಪನಂತೆ ತೆಳ್ಳಗೆ, ಉದ್ದಕ್ಕೆ. ಓಡಲು ಬಿಟ್ಟರೆ ಯಾರ ಕೈಗೂ ಸಿಗುವುದಿಲ್ಲ. ಅಂಗನವಾಡಿಯಲ್ಲಿ ತೂಕ ಹಾಕಿದಾಗಲೆಲ್ಲ ಇಬ್ಬರೂ ಕಾರ್ಡಿನ ಹಸಿರು ಪಟ್ಟಿಯಲ್ಲೇ ಇರುತ್ತಿದ್ದರು. ಹಸಿರು ಪಟ್ಟಿ ಎಂದರೆ ಮಗು ಸರಿಯಾಗಿ ಬೆಳೆಯುತ್ತಿದೆ ಎಂದರ್ಥ.

ಮುಂಜಾನೆ ಶಿವಕಾಂತಾ ಮನೆಗೆಲಸಕ್ಕೆ ಹೋದಾಗ ಚಂದಮ್ಮನೇ ಇಬ್ಬರನ್ನೂ ಹೊಸ್ತಿಲ ಮೇಲೆ ಕೂಡಿಸಿಕೊಂಡು ಒಂದೇ ತಾಟಿನಿಂದ ಉಣಿಸುತ್ತಿದ್ದಳು. ಇವನಿಗೊಂದು ತುತ್ತು, ಅವನಿಗೊಂದು ತುತ್ತು. ಅವನು ನುಂಗಿದ್ದನ್ನು ನೋಡಿ ಇವನು ಬಾಯಿ ತೆರೆಯುತ್ತಿದ್ದ.

ಹಾಗೆಂದು ಶಿವಕಾಂತಾಳಿಗೆ ಚಂದಮ್ಮನ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲವೆಂದಲ್ಲ. ಇತ್ತು, ಸಾಸಿವೆಯಷ್ಟು. ನೆರೆಹೊರೆ ಎಂದ ಮೇಲೆ ಅಷ್ಟು ಇರಲೇಬೇಕು, ಇಲ್ಲದಿದ್ದರೆ ಅಂಗಳ ಗುಡಿಸಲಿಕ್ಕೂ ಮನಸ್ಸು ಬರುವುದಿಲ್ಲ. ಆ ಸಾಸಿವೆಯನ್ನು ಕುಂಬಳಕಾಯಿ ಮಾಡಿದ್ದು ಒಂದು ಜಾಹೀರಾತು.

ದೀಪಾವಳಿಗೆ ಮುಂಚೆ ವಿಮಾನ ನಗರದ ಯಾವುದೋ ಆಫೀಸಿನವರು ಕ್ಯಾಮೆರಾ ಹೊತ್ತುಕೊಂಡು ನಮ್ಮ ಓಣಿಗೆ ಬಂದರು. ‘ಬಾಳರಾಜಾ’ ಎಂಬ ಪುಡಿಯ ಜಾಹೀರಾತು ತೆಗೆಯಬೇಕಿತ್ತು. ಹಾಲಿಗೆ ಹಾಕಿ ಕುಡಿಸಿದರೆ ಸಣಕಲು ಮಗು ದುಂಡಗಾಗುತ್ತದಂತೆ. ಅವರ ಮುಖಂಡ ಸ್ವಪ್ನಿಲ್ ಎಂಬ ಹುಡುಗ ಓಣಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸಂತೆಯಲ್ಲಿ ಬದನೆಕಾಯಿ ಆರಿಸುವವರಂತೆ ನೋಡಿದ. ಪುಡಿ ಕುಡಿಯುವ ಮುಂಚಿನ ಮಗು ಎಂದು ದತ್ತುವನ್ನು ಆರಿಸಿದ. ಕುಡಿದ ಮೇಲಿನ ಮಗು ಎಂದು ಮಾಂತುವನ್ನು ಆರಿಸಿದ. ಎರಡೂ ಸೇರಿ ಟಿವಿಯಲ್ಲಿ ಒಂದೇ ಮಗು!

ಮಗುವಿನ ತಾಯಿಯೂ ಬೇಕಲ್ಲ. ಚಂದಮ್ಮನಿಗೆ ಅವರೇ ತಂದ ಅರಿಶಿನ ಬಣ್ಣದ ಸೀರೆ ಉಡಿಸಿ, ಮುಡಿಗೆ ಹೂವು ಮುಡಿಸಿದರು. ಶಿವಕಾಂತಾಳಿಗೆ ಸ್ವಪ್ನಿಲ್, “ತಾಈ, ಜುನಿ ಸಾಡಿ ನೇಸಾ” ಎಂದ. ಅಕ್ಕಾ, ಹಳೆಯ ಸೀರೆ ಉಟ್ಟು ಬಾ ಎಂದರ್ಥ.

“ಹಳೇದ್ಯಾಕ? ಪಂಚಮಿಗೆ ತಗೊಂಡ ಹೊಸ ಸೀರಿ ಅದ ನನ್ನ ಕಡಿ” ಎಂದಳು ಶಿವಕಾಂತಾ.

ಅವನು ನಕ್ಕ. ಹರಿದದ್ದಿದ್ದರೆ ಇನ್ನೂ ಒಳ್ಳೆಯದು ಎಂದ. ಆಮೇಲೆ ಅವಳನ್ನು ಗೋಡೆಗೆ ಮುಖ ಮಾಡಿ ಕೂಡಿಸಿ, ತಲೆಯ ಮೇಲೆ ಕೈ ಹೊತ್ತುಕೊಳ್ಳಲು ಹೇಳಿ ಹಿಂದಿನಿಂದ ಚಿತ್ರ ತೆಗೆದ. ಇಬ್ಬರು ತಾಯಂದಿರು ಒಬ್ಬಳೇ ಎಂದು ಜನ ನಂಬಬೇಕಾದರೆ ಒಬ್ಬಳ ಮುಖ ಕಾಣಬಾರದಲ್ಲ. ಹೀಗೆ ಚಂದಮ್ಮನ ಮುಖ ಟಿವಿಗೆ ಹೋಯಿತು, ಶಿವಕಾಂತಾಳ ಬೆನ್ನು ಹೋಯಿತು.

ಹಬ್ಬದ ಹೊತ್ತಿಗೆ ಜಾಹೀರಾತು ಕೇಬಲ್ಲಿನಲ್ಲಿ ಬಂತು, ಎಲ್ಲರ ಮೊಬೈಲಿನಲ್ಲಿ ಬಂತು, ಲಾಲಪ್ಪನ ಕಿರಾಣಿ ಅಂಗಡಿಯ ಬಾಗಿಲಿಗೆ ದೊಡ್ಡ ಪೋಸ್ಟರ್ ಆಗಿ ಬಂತು. ಮೇಲೆ ಮರಾಠಿಯಲ್ಲಿ ದಪ್ಪ ಅಕ್ಷರ: “ಕಾಲ್ ಕಾಡಿ, ಆಜ್ ಗಡಿ!” ನಿನ್ನೆ ಕಡ್ಡಿ, ಇವತ್ತು ಪೈಲವಾನ ಎಂಬ ಹಾಗೆ. ಓಣಿಯ ಮಕ್ಕಳಿಗೆ ಅಷ್ಟು ಸಾಕಾಯಿತು. ಒಂದು ವಾರದೊಳಗೆ ಮಾಂತು ಎಲ್ಲರ ಬಾಯಲ್ಲಿ ‘ಗಡಿ’ ಆದ, ದತ್ತು ‘ಕಾಡಿ’ ಆದ. ತರಕಾರಿಯವನೂ ಹಾಗೇ ಕರೆದ. ಕಾರ್ಖಾನೆಯಲ್ಲಿ ದೇವಾನಂದನಿಗೆ ಜೊತೆಗಾರರು, “ಏನಪಾ ಕಾಡಿ ಅಪ್ಪ, ಟಿಫಿನ್ನಾಗ ಏನ್ ತಂದಿ?” ಎಂದು ಚಾಷ್ಟಿ ಮಾಡಿದರು.

ಊರಿನಿಂದ ಫೋನು ಬಂದವು. ಚಂದಮ್ಮನಿಗೆ ಬಂದ ಫೋನುಗಳಲ್ಲಿ, “ಏನ್ ಚಂದ ಕಾಣ್ತಿಯವ್ವ, ಹೀರೋಯಿನ್ ಹಂಗ!” ಎಂಬ ಮಾತು. ಶಿವಕಾಂತಾಳಿಗೆ ಅವಳ ಅಣ್ಣನ ಹೆಂಡತಿ ಫೋನು ಮಾಡಿ, “ನಿನ್ನ ಬೆನ್ನ ನೋಡಿದ್ವಿ” ಎಂದಳು.

ಶಿವಕಾಂತಾಳ ಹೊಟ್ಟೆ ಉರಿಯಿತು. ಮುಚ್ಚಿಟ್ಟು ಹೇಳುವುದೇಕೆ, ಧಗಧಗ ಉರಿಯಿತು. ಚಂದಮ್ಮ ನಕ್ಕರೆ ಟಿವಿಯಲ್ಲಿ ನಕ್ಕ ಹಾಗೆ ಕಂಡಿತು. ಚಂದಮ್ಮ ಅರಿಶಿನ ಬಣ್ಣದ ಸೀರೆ ಒಣಗಿಸಲು ಹಾಕಿದರೆ ತನಗೆ ತೋರಿಸಲೆಂದೇ ಹಾಕಿದ್ದಾಳೆ ಅನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ ಮಾಂತುವಿನ ಗಲ್ಲ ಅವಳ ಕಣ್ಣು ಚುಚ್ಚತೊಡಗಿತು. ನಿನ್ನೆಯವರೆಗೆ ಅವಳೇ ಹಿಂಡಿ ಮುದ್ದಾಡಿದ ಗಲ್ಲ ಅದು. ತನ್ನ ಮಗನ ಕೈ ಹಿಡಿದು ನೋಡಿದರೆ ಬರೀ ಮೂಳೆ ಕಂಡಿತು. ಅವನು ಹುಟ್ಟಿದಾಗಿನಿಂದ ಅದೇ ಕೈ, ಅದೇ ಮೂಳೆ. ಆದರೆ ಜಾಹೀರಾತು ಬರುವ ತನಕ ಅದು ಅವಳಿಗೆ ರೋಗವಾಗಿ ಕಂಡಿರಲಿಲ್ಲ.

ಒಂದು ಸಂಜೆ ಅವಳು ಜರಡಿ ಕೊಡಲು ಚಂದಮ್ಮನ ಮನೆಗೆ ಹೋದಳು. ಹಿಟ್ಟಿನ ಡಬ್ಬಿಯ ಹಿಂದೆ ಟವೆಲ್ಲು ಮುಚ್ಚಿದ ಏನೋ ಇತ್ತು. ಟವೆಲ್ಲು ಸ್ವಲ್ಪ ಸರಿದಿತ್ತು, ಕೆಂಪು ಬಣ್ಣದ ‘ಬಾಳರಾಜಾ’ ಡಬ್ಬಿ ಇಣುಕುತ್ತಿತ್ತು. ಚಂದಮ್ಮ ಓಡಿ ಬಂದು ಟವೆಲ್ಲು ಎಳೆದಳು.

“ಮಾಂತುಗ ಏನ್ ಕೊಡ್ತಿ ಚಂದಮ್ಮ, ಇಷ್ಟು ಚಂದ ಆಗ್ಯಾನಲ್ಲ?” ಎಂದು ಶಿವಕಾಂತಾ ಬೇಕೆಂದೇ ಕೇಳಿದಳು.

“ಏನ್ ಕೊಡ್ಲಿ, ಏನೂ ತಿನ್ನಂಗಿಲ್ಲ ನೋಡು” ಎಂದಳು ಚಂದಮ್ಮ.

ಅಷ್ಟು ಸಾಕಾಯಿತು. ಕಂಪನಿಯವರು ಚಂದಮ್ಮನಿಗೆ ಪುಕ್ಕಟೆ ಡಬ್ಬಿ ಕೊಡುತ್ತಿದ್ದಾರೆ, ಅವಳು ಕದ್ದು ಕುಡಿಸುತ್ತಿದ್ದಾಳೆ, ಅದಕ್ಕೇ ಅವಳ ಮಗ ದುಂಡಗಿದ್ದಾನೆ ಎಂದು ಶಿವಕಾಂತಾ ತೀರ್ಮಾನಿಸಿದಳು. ಮರುದಿನವೇ ಗಂಡನಿಗೆ ಹೇಳಿ ಲಾಲಪ್ಪನ ಅಂಗಡಿಯಿಂದ ದೊಡ್ಡ ಡಬ್ಬಿ ತರಿಸಿದಳು. ದೇವಾನಂದನೂ ಬೇಡ ಅನ್ನಲಿಲ್ಲ. ‘ಕಾಡಿ ಅಪ್ಪ’ ಎನಿಸಿಕೊಂಡು ಅವನಿಗೂ ಸಾಕಾಗಿತ್ತು.

“ಇನ್ನ ಮ್ಯಾಲ ಆ ಮನಿ ಹೊಸ್ತಿಲ ತುಳದೀ ಅಂದ್ರ ಕಾಲು ಮುರೀತೀನಿ” ಎಂದು ಮಗನಿಗೆ ಬೆದರಿಸಿದಳು. ಕೆಲಸಕ್ಕೆ ಹೋಗುವಾಗ ಅವನನ್ನು ಜೊತೆಗೇ ಕರೆದೊಯ್ಯತೊಡಗಿದಳು. ಪಾಪ, ಆ ಹುಡುಗ ಯಾರದೋ ಫ್ಲ್ಯಾಟಿನ ಮೆಟ್ಟಿಲ ಮೇಲೆ ಒಬ್ಬನೇ ಕೂತು ಬಾಟಲಿಯಿಂದ ಪುಡಿ ಹಾಕಿದ ಹಾಲು ಹೀರುತ್ತಿದ್ದ. ಬೆಳಿಗ್ಗೆ ಒಂದು ಬಾಟಲಿ, ಮಧ್ಯಾಹ್ನ ಒಂದು, ಸಂಜೆ ಒಂದು. ಡಬ್ಬಿಯ ಮೇಲೆ ಬರೆದಷ್ಟು ಚಮಚ ಹಾಕಿದರೆ ಬೇಗ ದುಂಡಗಾಗಲಿಕ್ಕಿಲ್ಲ ಎಂದು ಅವಳು ಚಮಚ ಹೆಚ್ಚಿಸಿದಳು. ಸಿಹಿ ಕುಡಿದು ಹೊಟ್ಟೆ ತುಂಬಿದ ಮಗು ರೊಟ್ಟಿ ಕಂಡರೆ ಮುಖ ತಿರುಗಿಸಿತು, ಬೇಳೆ ಕಂಡರೆ ಅತ್ತಿತು. ಮೊದಲು ಅವಳು ಬಾಯಿ ಮಾತಿಗೆ ‘ಏನೂ ತಿನ್ನುವುದಿಲ್ಲ’ ಎನ್ನುತ್ತಿದ್ದಳು. ಈಗ ಅವನು ನಿಜವಾಗಿಯೂ ಏನೂ ತಿನ್ನಲಿಲ್ಲ.

ಆಮೇಲೆ ಭೇದಿ ಶುರುವಾಯಿತು. ಓಡುವ ಹುಡುಗ ಕೂತಲ್ಲೇ ಕೂತ.

ತೂಕದ ದಿನ ಅಂಗನವಾಡಿಯ ರುದ್ರವ್ವನ ಎದುರು ಶಿವಕಾಂತಾ ಮಗನನ್ನು ಎತ್ತಿಕೊಂಡು ನಿಂತಳು. ರುದ್ರವ್ವ ವಿಜಯಪುರದ ಕಡೆಯವಳು, ಲಗ್ನವಾಗಿ ಭೋಸರಿಗೆ ಬಂದು ಇಲ್ಲಿಯವಳೇ ಆದವಳು. ಎರಡೂ ಭಾಷೆಯಲ್ಲಿ ಬೈಯಬಲ್ಲಳು, ಎರಡೂ ಭಾಷೆಯಲ್ಲಿ ನಗಿಸಬಲ್ಲಳು. ಅವಳು ದತ್ತುವನ್ನು ತಕ್ಕಡಿಯಲ್ಲಿ ಕೂಡಿಸಿ ಮುಳ್ಳು ನೋಡಿದಳು. ಮತ್ತೊಮ್ಮೆ ನೋಡಿದಳು.

“ಶಿವಕಾಂತಾ, ಇಂವ ಹಸಿರು ಪಟ್ಟಿ ಬಿಟ್ಟು ಹಳದಿಗೆ ಇಳಿದಾನಲ್ಲ! ಏನ್ ಉಣಸ್ತಿ?”

“ಏನ್ ಉಣ್ತಾನ್ರಿ, ಏನೂ ಉಣ್ಣಂಗಿಲ್ಲ.”

“ಈ ಮಾತು ದಿನಾ ಎಲ್ಲಾರ ಬಾಯಾಗೂ ಕೇಳ್ತೀನಿ. ಇವತ್ತ ನನಗ ಖರೆ ಬೇಕು.” ಶಿವಕಾಂತಾ ಮಗನ ಅಂಗಿ ಸರಿಮಾಡತೊಡಗಿದಳು. ರುದ್ರವ್ವ ಮಗುವಿನ ಕಡೆ ತಿರುಗಿದಳು. “ಏನೋ ರಾಜಾ, ನನ್ನ ಮರ್ತೇನು? ನಿನ್ನ ಹೆಸರು ಹೇಳು ನೋಡೋಣ.”

“ಕಾಡಿ” ಎಂದಿತು ಮಗು.

ಮೂರು ತುಂಬದ ಹುಡುಗ ತನ್ನ ಹೆಸರು ಕಡ್ಡಿ ಎಂದು ಹೇಳಿದ್ದನ್ನು ಕೇಳಿ ಶಿವಕಾಂತಾಳಿಗೆ ತಡೆಯಲಾಗಲಿಲ್ಲ. ಅಲ್ಲೇ ಕುಸಿದು ಕೂತು ಅತ್ತಳು. ಅಳುತ್ತಲೇ ಹೊಟ್ಟೆಯೊಳಗಿನ ಕಿಚ್ಚನ್ನೆಲ್ಲ ಹೊರಗೆ ಹಾಕಿದಳು.

“ಎಲ್ಲಾ ಆ ಚಂದಮ್ಮನ್ ಸಲುವಾಗಿ! ಕಂಪನಿಯವರು ಅಕಿಗೆ ಪುಕ್ಕಟೆ ಡಬ್ಬಿ ಕೊಡ್ತಾರ. ಮುಚ್ಚಿಟ್ಟು ಕುಡಿಸ್ತಾಳ. ನಾ ರೊಕ್ಕ ಕೊಟ್ಟು ತಂದು ಕುಡಿಸಿದ್ರ ನನ್ನ ಮಗ ಇಳೀತಾನ. ಅಕಿ ಮಗ ಮಾತ್ರ ಗಡಿ!”

ಸಾಲಿನಲ್ಲಿ ಹಿಂದೆ ಚಂದಮ್ಮ ನಿಂತಿದ್ದಳು, ಮಾಂತುವನ್ನು ಸೊಂಟದ ಮೇಲೆ ಕೂಡಿಸಿಕೊಂಡು. ಅವಳು ಮುಂದೆ ನುಗ್ಗಿ ಬಂದಳು.

“ಯಾರ್ ಪುಕ್ಕಟೆ ಕೊಟ್ಟಾರ ನನಗ? ಅವರು ಕೊಟ್ಟದ್ದು ಆ ಸೀರಿ ಒಂದಽ. ಡಬ್ಬಿ ನಾನೂ ಲಾಲಪ್ಪನ ಅಂಗಡ್ಯಾಗ ತಗೊಂಡೀನಿ!”

ಶಿವಕಾಂತಾಳ ಅಳು ನಿಂತಿತು. “ನೀ ಯಾಕ ತಗೊಂಡಿ? ನಿನ್ನ ಮಗ ಮೊದಲಿಂದಽ ಹಂಗ ಅದಾನಲ್ಲ?”

“ಟೀವ್ಯಾಗ ಗಡಿ ಅಂತ ಬಂದ ಮ್ಯಾಲ ಗಡಿ ಹಂಗಽ ಇರಬೇಕಲ್ಲವ್ವ! ಹಬ್ಬದಾಗ ಇವಗ ಜ್ವರ ಬಂದು ಜರಾ ಇಳಿದಿದ್ದ. ನಮ್ಮತ್ತಿ ಊರಿಂದ ವಿಡಿಯೋ ಕಾಲ್ ಮಾಡಿ, ಟೀವ್ಯಾಗ ಇದ್ದಂಗ ಇಲ್ಲಲ್ಲ ಹುಡುಗ, ಪುಡಿ ಬಿಟ್ಟೇನು ಅಂತ ಕೇಳಿದಳು. ನನಗ ಅಂಜಿಕಿ ಬಂತು. ಈಗ ಇವನೂ ರೊಟ್ಟಿ ಮುಟ್ಟಂಗಿಲ್ಲ. ಸಂಡಾಸಕ್ಕ ಕೂತ್ರ ಗಟ್ಟಿಯಾಗ್ಯದ ಅಂತ ಅಳ್ತಾನ.” ಚಂದಮ್ಮನ ದನಿ ತಗ್ಗಿತು. “ನಿನ್ನ ದತ್ತು ಕುದುರಿ ಹಂಗ ಓಡ್ತಾನ. ನನ್ನ ಮಗ ನಾಲ್ಕು ಹೆಜ್ಜಿ ಹಾಕಿದ್ರ ದಣೀತಾನ. ನನಗೂ ಹೊಟ್ಟಿ ಉರೀತದ. ಅದನ್ನ ಯಾರರೆ ಟೀವ್ಯಾಗ ತೋರಿಸ್ಯಾರೇನು?”

ಚಂದಮ್ಮನಿಗೂ ತನ್ನ ಮೇಲೆ ಹೊಟ್ಟೆಕಿಚ್ಚು ಇದೆ ಎಂದು ಕೇಳಿ ಶಿವಕಾಂತಾಳ ಮನಸ್ಸಿಗೆ ಎಷ್ಟು ತಂಪಾಯಿತು ಎಂದರೆ, ಡಾಕ್ಟರ ಔಷಧಿಯಿಂದಲೂ ಅಷ್ಟು ಆಗುತ್ತಿರಲಿಲ್ಲ.

ರುದ್ರವ್ವ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಅಯ್ಯ ನನ್ನ ಅವ್ವಗೋಳ್ರ್ಯಾ! ಜಾಹೀರಾತಿನ್ಯಾಗ ನಿಂತವರೂ ನೀವಽ, ಡಬ್ಬಿ ಕೊಂಡವರೂ ನೀವಽ! ಕೂಡ್ರಿ ಇಲ್ಲಿ. ಶೂಟಿಂಗ್ ಹೆಂಗ ಆಯ್ತು, ನನಗ ಹೇಳ್ರಿ. ಶಿವಕಾಂತಾ, ದತ್ತುಗ ಏನ್ ಮಾಡಿದ್ರು?”

“ದೊಡ್ಡ ಹುಡುಗನ ಅಂಗಿ ಹಾಕಿದ್ರು, ಜೋಲಾಡೋದು. ಕಣ್ಣ ಕೆಳಗ ಕರೀ ಬಣ್ಣ ಹಚ್ಚಿದ್ರು. ಆಮ್ಯಾಲ ಕೈಯಾಗಿನ ಚೆಂಡು ಕಸ್ಕೊಂಡ್ರು, ಅಳ್ಳಿ ಅಂತ.”

“ಮಾಂತುಗ?”

“ಗಲ್ಲಕ್ಕ ಎಣ್ಣಿ ಹಚ್ಚಿದ್ರು, ಹೊಳೀಲಿ ಅಂತ” ಎಂದಳು ಚಂದಮ್ಮ. “ಅಂಗಿ ಬಿಗಿ ಹಾಕಿದ್ರು. ದತ್ತುನ್ ಕಡಿಂದ ಕಸ್ಕೊಂಡ ಚೆಂಡು ಇವಗ ಕೊಟ್ಟು ನಗಿಸಿದ್ರು.”

“ಪುಡಿ ಯಾವಾಗ ಕುಡದ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕುಡೀಲೇ ಇಲ್ರಿ” ಎಂದಳು ಚಂದಮ್ಮ. “ಗ್ಲಾಸಿನ ಮ್ಯಾಲ ನೊರಿ ಬರ್ಲಿ ಅಂತ ಸಾಬಾಣ ಹಾಕಿದ್ರು. ಬಾಯಿಗೆ ಹಚ್ಚಗೊಡಬ್ಯಾಡ್ರಿ ಅಂತ ಸ್ವಪ್ನಿಲನಽ ಒದರಿದ. ಮೂತಿಗೆ ಕೆನಿ ಅವರಽ ಬ್ರಶ್ಶಿನಿಂದ ಹಚ್ಚಿದ್ರು.”

“ಹಂಗಾರ ಕಾಡಿ ಗಡಿ ಆದದ್ದು ಹೆಂಗ?”

“ಬ್ಯಾರೆ ಹುಡುಗನ್ನ ತಂದು ನಿಲ್ಲಿಸಿದ್ರು” ಎಂದಳು ಶಿವಕಾಂತಾ. ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಆದರೂ ಸುಲಭಕ್ಕೆ ಸೋಲುವವಳಲ್ಲ ಅವಳು. “ಅದು ಶೂಟಿಂಗ್ ಮಾತಾಯ್ತು ತಾಈ. ಟೀವ್ಯಾಗ ಬಂದಾಗ ಬ್ಯಾರೆ ಅನಸ್ತದ. ಹಾಡು ಬರ್ತದ, ಬೆಳಕು ಬರ್ತದ, ಡಾಕ್ಟರ ಕೋಟು ಹಾಕ್ಕೊಂಡಾಂವ ಬಂದು ಹೇಳ್ತಾನ. ಅಷ್ಟು ಜನ ನೋಡೋದು ಸುಳ್ಳು ಹೆಂಗಾಗ್ತದ?”

ಈ ಪ್ರಶ್ನೆಗೆ ನಗಬೇಡಿ. ನಾವೆಲ್ಲ ಕೇಳುವ ಪ್ರಶ್ನೆಯೇ ಇದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ನಾವು ಕಣ್ಣಾರೆ ಕಂಡದ್ದನ್ನೂ ಬಿಟ್ಟು ಟಿವಿ ಹೇಳಿದ್ದನ್ನು ನಂಬುತ್ತೇವೆ. ಹಬ್ಬಕ್ಕೆ ಯಾವ ಸಿಹಿ ಮಾಡಬೇಕು, ಮದುವೆಯಲ್ಲಿ ಯಾವ ಬಣ್ಣ ಉಡಬೇಕು, ಯಾವ ಮಗು ಚೆಂದ, ಯಾವ ಮಗು ಸೊರಗಿದ್ದು, ಇದನ್ನೆಲ್ಲ ಮೊದಲು ಮನೆಯ ಹಿರಿಯರು ಹೇಳುತ್ತಿದ್ದರು. ಈಗ ಹೇಳುವವರು ಬೇರೆ. ಅವರು ನಮ್ಮ ಮನೆಯವರಲ್ಲ, ಏನನ್ನೋ ಮಾರಲು ಬಂದವರು.

ರುದ್ರವ್ವ ಬೈಯಲಿಲ್ಲ. ಮೊಬೈಲಿನಲ್ಲಿ ಅದೇ ಜಾಹೀರಾತು ಹಾಕಿ, ಮಾಂತು ನಗುವ ಕಡೆ ನಿಲ್ಲಿಸಿದಳು. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರ ಇದ್ದವು.

“ಇಲ್ಲಿ ಏನ್ ಬರ್ದದ ಗೊತ್ತೇನು? ‘ಈ ದೃಶ್ಯ ಕಾಲ್ಪನಿಕ’ ಅಂತ. ಗಡಿ ಅಂತ ಎಷ್ಟು ದೊಡ್ಡದು ಬರ್ದಾರ, ಕಾಲ್ಪನಿಕ ಅಂತ ಎಷ್ಟು ಸಣ್ಣದು ಬರ್ದಾರ ನೋಡ್ರಿ. ಡಬ್ಬಿ ಹಿಂದ ನೋಡೀರೇನು? ಯಾವುದು ಹೆಚ್ಚು ಇರ್ತದ ಅದನ್ನ ಮೊದಲು ಬರೀಬೇಕು ಅಂತ ಕಾಯದೆ ಅದ. ಈ ಪುಡಿ ಹಿಂದ ಮೊದಲನೇ ಹೆಸರಽ ಸಕ್ಕರಿ. ಸಕ್ಕರಿ ನೀರು ಕುಡಿಸಿ ಹೊಟ್ಟಿ ತುಂಬಿಸಿದ್ರ ಕೂಸು ರೊಟ್ಟಿ ಹೆಂಗ ತಿಂತದ?”

“ಹಂಗಾರ ನನ್ನ ಮಗ ತೆಳ್ಳಗ ಅದಾನಲ್ಲ, ಅದಕ್ಕೇನ್ ಮಾಡ್ಲಿ?”

“ತೆಳ್ಳಗ ಇರೋದು ರೋಗ ಅಂತ ಯಾರ್ ಹೇಳಿದ್ರು ನಿನಗ? ನಾ ಹೇಳಿದ್ನೇನು? ಡಾಕ್ಟರ್ ಹೇಳಿದ್ರೇನು? ಕಾರ್ಡಿನ್ಯಾಗ ಹಸಿರು ಇದ್ದ, ಓಡ್ತಿದ್ದ, ನಗ್ತಿದ್ದ. ಅಂವಗ ಏನೂ ಆಗಿದ್ದಿಲ್ಲ. ಮೊದಲು ನಿನ್ನ ಮಗನಿಗೆ ಇಲ್ಲದ ರೋಗ ತೋರಿಸಿದ್ರು, ಆಮ್ಯಾಲ ಎದುರು ಮನಿ ಹುಡುಗನ್ನ ತೋರಿಸಿದ್ರು. ನಿನ್ನ ಹೊಟ್ಟಿ ಉರೀತು. ಕಡೀಕ ಡಬ್ಬಿ ತೋರಿಸಿದ್ರು.” ರುದ್ರವ್ವ ಮೊಬೈಲು ಕೆಳಗಿಟ್ಟಳು. “ತಪ್ಪು ಬರೇ ಅವರದಲ್ಲ. ಮಗ ಏನ್ ಉಣ್ತಾನ ಅಂತ ನೀವು ಒಬ್ಬರಿಗೊಬ್ಬರು ಖರೆ ಹೇಳಿದ್ರ ಆ ಡಬ್ಬಿ ನಿಮ್ಮ ನಡುವ ಬರ್ತಿತ್ತೇನು? ನೀವು ಬಾಯಿ ಮುಚ್ಚಿದ್ರಿ, ಅದಕ್ಕ ಅದು ಮಾತಾಡ್ತು.”

ಚಂದಮ್ಮ ನೆಲ ನೋಡುತ್ತಾ ಹೇಳಿದಳು: “ಮಾಂತು ಮುಂಜಾನಿ ಜೋಳದ ರೊಟ್ಟಿ ಬ್ಯಾಳಿ ಕಟ್ಟಿನ್ಯಾಗ ನೆನೆಸಿ ಉಣ್ತಿದ್ದ. ಮ್ಯಾಲ ತುಪ್ಪ. ಮಧ್ಯಾಹ್ನ ಅನ್ನ, ಪಲ್ಯ, ತತ್ತಿ. ಸಂಜಿಗೆ ಶೇಂಗಾ ಪುಡಿ ಬೆಲ್ಲ ಕಲಸಿ ಕೊಡ್ತಿದ್ದೆ. ಇಷ್ಟಽ ಶಿವಕಾಂತಾ. ಮುಂಜಾನಿದು ನಿನ್ನ ಮಗನೂ ಅದಽ ತಾಟಿನ್ಯಾಗ ಉಂಡಾನ.”

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು. ಬಾಗಿಲಲ್ಲೇ ಇದ್ದ ತಾಟಿನಿಂದ ಮಗನನ್ನು ಎಬ್ಬಿಸಿಕೊಂಡು ಹೋಗಿ ಅಂಗಡಿಯ ಡಬ್ಬಿಯ ಎದುರು ಕೂಡಿಸಿದ್ದಳು ಶಿವಕಾಂತಾ.

ಭೇದಿ ನಿಲ್ಲುವ ತನಕ ಉಪ್ಪು ಸಕ್ಕರೆಯ ಓಆರ್‌ಎಸ್ ನೀರು ಕುಡಿಸಲು ರುದ್ರವ್ವ ಪೊಟ್ಟಣ ಕೊಟ್ಟಳು. ಅಂದೇ ಇಬ್ಬರು ಮಕ್ಕಳನ್ನೂ ಸರ್ಕಾರಿ ದವಾಖಾನೆಗೆ ತೋರಿಸಲು ಕಳಿಸಿದಳು. ಡಾಕ್ಟರರೂ ಅದನ್ನೇ ಹೇಳಿದರು: ಪುಡಿ ಬಿಡಿ, ಮನೆಯ ಊಟ ಕೊಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ, ತೂಕ ನೋಡುತ್ತಿರಿ.

ಮನೆಯಲ್ಲಿ ಇನ್ನೊಬ್ಬ ಅನುಮಾನದ ಮನುಷ್ಯ ಕಾಯುತ್ತಿದ್ದ. ದೇವಾನಂದ ಎಲ್ಲ ಕೇಳಿಸಿಕೊಂಡು, “ಅರ್ಧ ಡಬ್ಬಿ ಉಳಿದದಲ್ಲ, ಚೆಲ್ಲಬೇಕೇನು? ದುಡಿದು ತಂದದ್ದು” ಎಂದ.

“ಚೆಲ್ಲಬ್ಯಾಡ್ರಿ. ನೀವು ಕುಡೀರಿ. ಈ ಮನ್ಯಾಗ ಖರೆ ಕಾಡಿ ನೀವಽ ಅದೀರಿ.”

“ಮತ್ತ ಕಾರ್ಖಾನ್ಯಾಗ ಮಂದಿ ನಗ್ತಾರಲ್ಲ?”

“ನಗ್ಲಿ. ಮಗನ ತೂಕ ಅವರ ನಗಿಯಿಂದ ಏರಂಗಿಲ್ಲ, ಇಳಿಯಂಗಿಲ್ಲ. ನೀವು ಮಾತ್ರ ಇವತ್ತಿಂದ ಅವನ್ನ ಹೆಸರು ಹಿಡದು ಕರೀರಿ. ಓಣ್ಯಾಗ ಯಾರರೆ ಕಾಡಿ ಅಂದ್ರ ಅಲ್ಲೇ ನಿಲ್ಲಿಸಿ ಹೇಳ್ರಿ.”

ದೇವಾನಂದ ಒಂದು ಲೋಟ ಮಾಡಿಸಿಕೊಂಡು ಕುಡಿದ. ಮುಖ ಕಿವಿಚಿದ. “ಥೂ, ಇದು ಬರೇ ಪಾನಕ ಅದಲ್ಲ!” ಎಂದ. ಅವನಿಗೆ ನಂಬಿಕೆ ಬರಲು ಅದೊಂದು ಲೋಟ ಸಾಕಾಯಿತು. ಮರುದಿನ ಅವನೇ ಲಾಲಪ್ಪನ ಅಂಗಡಿಗೆ ಹೋಗಿ, ತನ್ನ ಮಗನ ಚಿತ್ರವಿದ್ದ ಪೋಸ್ಟರ್ ತೆಗೆಯಲು ಹೇಳಿದ. ಲಾಲಪ್ಪ, ಕಂಪನಿಯವರು ಅಂಟಿಸಿದ್ದು, ನಾ ಹೆಂಗ ತೆಗೀಲಿ ಎಂದು ಗೊಣಗಿದ. ದೇವಾನಂದ ಅಂಗಡಿಯ ಎದುರು ನಿಂತು, ಡಬ್ಬಿ ಕೊಳ್ಳಲು ಬಂದವರಿಗೆಲ್ಲ, “ಈ ಕೂಸು ನಂದು, ಆ ಕೂಸು ಬ್ಯಾರೇದವರದು” ಎಂದು ಹೇಳತೊಡಗಿದ. 

ಆಮೇಲೆ ಲಾಲಪ್ಪನೇ ಏಣಿ ಹಾಕಿ ಪೋಸ್ಟರ್ ಕಿತ್ತ.

ದತ್ತು ಒಂದೇ ದಿನದಲ್ಲಿ ರೊಟ್ಟಿಗೆ ಮರಳಲಿಲ್ಲ. ಸಿಹಿ ಬೇಕೆಂದು ಹಟ ಮಾಡಿದ, ತಾಟು ಒದ್ದ, ಅಮ್ಮನನ್ನು ಪರಚಿದ. ಶಿವಕಾಂತಾ ಗಟ್ಟಿ ಮನಸ್ಸು ಮಾಡಿದಳು. ಚಂದಮ್ಮ ಮೊದಲಿನಂತೆ ಇಬ್ಬರನ್ನೂ ಕೂಡಿಸಿಕೊಂಡಳು. ಮಾಂತು ಒಂದು ತುತ್ತು ನುಂಗಿದ ದಿನ ದತ್ತು ಅರ್ಧ ತುತ್ತು ನುಂಗಿದ. ಹೀಗೆ ಮೆಲ್ಲಮೆಲ್ಲಗೆ ಊಟ ಮರಳಿತು. ಓಟವೂ ಮರಳಿತು. ಸಂಕ್ರಾಂತಿ ದಾಟಿದ ಮೇಲೆ ತೂಕ ಹಾಕಿದಾಗ ದತ್ತು ಹಸಿರು ಪಟ್ಟಿಗೆ ಬಂದಿದ್ದ. ಅಂಚಿನಲ್ಲೇ ಇದ್ದ, ಆದರೂ ಹಸಿರು ಹಸಿರೇ. ದುಂಡಗೇನೂ ಆಗಲಿಲ್ಲ. ಅಪ್ಪನ ಮೈಕಟ್ಟು, ಹಾಗೇ ಇರುತ್ತಾನೆ.

ಅಂದು ಅಂಗನವಾಡಿಯ ಬಾಗಿಲಲ್ಲಿ ಹೊಸದಾಗಿ ಬಂದ ಮುನಿಯಮ್ಮ ಎಂಬ ತಾಯಿ, “ನಿಮ್ಮ ಹುಡುಗ ಏನು ಉಣ್ತಾನ ಅಕ್ಕಾ?” ಎಂದು ಶಿವಕಾಂತಾಳನ್ನು ಕೇಳಿದಳು. ಶಿವಕಾಂತಾಳ ಬಾಯಿಗೆ ಹಳೆಯ ಮಾತು ಬಂತು. ‘ಏನ್ ಉಣ್ತಾನ’ ಎಂಬಷ್ಟು ಹೊರಗೂ ಬಿತ್ತು. ಅವಳು ತಡೆದಳು. ಸುತ್ತ ನಿಂತ ಹೆಂಗಸರೆಲ್ಲ ನೋಡುತ್ತಿದ್ದರು. ದೃಷ್ಟಿ ತಾಗೀತೆಂಬ ಭಯ ಇನ್ನೂ ಇತ್ತು.

“ಒಂದು ರೊಟ್ಟಿ ಉಂಡಾನವ್ವ ಮುಂಜಾನಿ” ಎಂದಳು ಗಟ್ಟಿಯಾಗಿ. “ಬ್ಯಾಳಿ ಕಟ್ಟಿನ್ಯಾಗ ಕಲಸಿ. ಛಲೋ ಉಂಡಾನ. ಹೆಂಗ ಕಲಸೋದು, ಬಾ, ತೋರಿಸ್ತೀನಿ.”

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹೊಟ್ಟೆಕಿಚ್ಚು ಬಿಡಿ ಎಂದು ನಿಮಗೆ ಹೇಳುವುದಿಲ್ಲ. ನಮ್ಮಿಂದಲೇ ಆಗದ್ದನ್ನು ನಿಮಗೆ ಹೇಗೆ ಹೇಳಲಿ? ಅದನ್ನು ಅಂಗಡಿಗೆ ಮಾತ್ರ ಕರೆದುಕೊಂಡು ಹೋಗಬೇಡಿ. ಜಾಹೀರಾತು ನೋಡಿ ನಿಮ್ಮ ಮಗು, ನಿಮ್ಮ ಮೈಬಣ್ಣ, ನಿಮ್ಮ ಮನೆ ನಿಮಗೇ ಸಣ್ಣದಾಗಿ ಕಂಡರೆ ಅಲ್ಲೇ ನಿಂತು ಕೇಳಿಕೊಳ್ಳಿ: ಈ ಕೊರತೆ ನಿನ್ನೆ ಇತ್ತೇ? ತೋರಿಸಿದವರು ಯಾರು? ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ಬಾರದಿದ್ದರೆ ಓದಿಸಿ. ಮಗುವಿನ ತೂಕವನ್ನು ಅಂಗನವಾಡಿಯ ತಕ್ಕಡಿಯಲ್ಲಿ ನೋಡಿ, ಪಕ್ಕದ ಮನೆಯ ಗಲ್ಲದಲ್ಲಿ ನೋಡಬೇಡಿ. ಅನುಮಾನ ಬಂದರೆ ಡಾಕ್ಟರರನ್ನು ಕೇಳಿ. ಇವತ್ತು ನಿಮ್ಮ ಮಗು ಏನು ಉಂಡಿತು ಎಂದು ಎದುರು ಮನೆಯವಳು ಕೇಳಿದರೆ ಅವಳಿಗೆ ನಿಜ ಹೇಳಿ. ನೀವು ಹೇಳದಿದ್ದರೆ ಡಬ್ಬಿ ಮಾರುವವನು ಹೇಳುತ್ತಾನೆ.